ಅಕ್ಷರ ಬಂತು, ಅರ್ಥ ಬರಲಿಲ್ಲ

ಹೋದ ವಾರ ಮೊಮ್ಮಗಳು ಕನ್ನಡ ಪಾಠ ಗಡಗಡ ಓದಿ ತೋರಿಸಿದ್ಲು. ಎಲ್ಲೂ ತಡವರಿಸಲಿಲ್ಲ. "ಭೇಷ್ ಅವ್ವಿ, ಕೂರಿಗಿ ಅಂದ್ರ ಏನು?" ಅಂದೆ. ನನ್ನ ಮಾರಿ ನೋಡಿದ್ಲು. "ಬಿತ್ತೂದು ಅಂದ್ರ?" ಅದೂ ಇಲ್ಲ.

ಬೈಲಿಲ್ಲ. ನನಗ ನೆನಪಾದದ್ದು ಡೆಪ್ಯುಟಿ ಚನ್ನಬಸಪ್ಪನವರು.

ನಮ್ಮ ಧಾರವಾಡ ಸೀಮಿ 1818ರಾಗ ಪೇಶ್ವೆಯವರ ಕೈಯಿಂದ ಇಂಗ್ಲಿಷರ ಕೈಗೆ ಹೋತು, ಮುಂದ ಮುಂಬೈ ಪ್ರಾಂತದಾಗ ಉಳೀತು. ಕಚೇರಿ ಕಾಗದ ಎಲ್ಲಾ ಮರಾಠಿ, ಅದೂ ಮೋಡಿ ಲಿಪಿ. ಸರಕಾರಿ ಸಾಲಿ ಬಂದಾಗ ಅಲ್ಲೂ ಮರಾಠಿದ ದರ್ಬಾರು. ಮನ್ಯಾಗ "ಅವ್ವಾ, ರೊಟ್ಟಿ ಕೊಡ" ಅನ್ನೋ ಹುಡುಗ ಸಾಲ್ಯಾಗ ಮರಾಠಿ ಪುಸ್ತಕ ಬಾಯಿಪಾಠ ಮಾಡಬೇಕು. ಬಾಯಿಗೆ ಬಂದದ್ದು ತಲಿಗೆ ಹ್ಯಾಂಗ ಇಳೀಬೇಕು? (ಮರಾಠಿ ಮ್ಯಾಲ ನನಗೇನೂ ಸಿಟ್ಟಿಲ್ರಿ, ನಮ್ಮ ಅತ್ತಿಯವರ ತವರು ಸೋಲಾಪುರ.)

1834ರಾಗ ಹುಟ್ಟಿದ ಚನ್ನಬಸಪ್ಪನವರು ಶಿಕ್ಷಣ ಖಾತೆಯೊಳಗ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದ್ರು. ಕನ್ನಡ ಹುಡುಗ್ರಿಗೆ ಕನ್ನಡ ಸಾಲಿನ ಬೇಕು ಅಂತ ಹಟ ಹಿಡಿದ್ರು. ರಸೆಲ್ ಅನ್ನೋ ಇಂಗ್ಲಿಷ್ ಅಧಿಕಾರಿ ಬೆನ್ನಿಗೆ ನಿಂತ್ರು. ಸಾಲಿ ತೆಗೆದ್ರ ಮುಗೀತೇನು? ಕಲಿಸೋ ಮಾಸ್ತರು ಬೇಕು, ಹುಡುಗ್ರ ಕೈಗೆ ಪುಸ್ತಕ ಬೇಕು. 1865ರಾಗ 'ಮಠಪತ್ರಿಕೆ' ಹೊಂಟಿತು. ಮಠ ಅಂದ್ರ ಸ್ವಾಮಿಗೋಳ ಮಠ ಅಲ್ರಿ, ಆಗ ಸಾಲಿಗೂ ಮಠ ಅಂತಿದ್ರು. 1871ರಾಗ ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕಾನ ಚನ್ನಬಸಪ್ಪನವರು ಕನ್ನಡಕ್ಕ ತಂದ್ರು. ಇಟ್ಟ ಹೆಸರು 'ನಗದವರನ್ನು ನಗಿಸುವ ಕಥೆ'. ಹೆಸರ ನೋಡ್ರಿ, ಒಬ್ಬರೂ ಅರ್ಥ ಕೇಳೂ ಹಂಗಿಲ್ಲ!

ನಮ್ಮಜ್ಜಿ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ನಾ ಒಲಿ ಮುಂದ ಕೂತು ಓದಿದ್ರ, ರೊಟ್ಟಿ ಬಡಿಯೂದು ನಿಲ್ಲಿಸದ "ಈಗ ಪುಸ್ತಕ ಮುಚ್ಚಿ ಹೇಳು" ಅಂತಿದ್ಲು. ಕತಿ ಆಕಿಗೂ ಗೊತ್ತಿರತಿರಲಿಲ್ಲ. ಆದ್ರೂ ನಾ ತಪ್ಪಿದ್ರ ಹಿಡೀತಿದ್ಲು: "ಆಗಲೇ ನರಿ ಸತ್ತತಂದಿ, ಮತ್ತ ಎಲ್ಲಿಂದ ಬಂತು?" ನಾ ಮತ್ತ ಪುಸ್ತಕ ತೆಗೀತಿದ್ದೆ.

ಐತವಾರ ಮೊಮ್ಮಗಳನ್ನ ಮೈದುನನ ಊರಿಗೆ ಕರ್ಕೊಂಡು ಹೋದೆ. ಅಲ್ಲೂ ಈಗ ಟ್ರ್ಯಾಕ್ಟರ್ ಬಿತ್ತತೈತಿ. ಹಳೇ ಕೂರಿಗಿ ದನದ ಕೊಟ್ಟಿಗ್ಯಾಗ ಮೂಲಿಗೆ ನಿಂತಿತ್ತು. ಧೂಳ ಒರಸಿ ತೋರಿಸಿದೆ. ಬಟ್ಟಲದ ತೂತಿನ್ಯಾಗ ಬೆರಳ ಹಾಕಿ, "ಅಜ್ಜಿ, ಕಾಳು ಇಲ್ಲಿಂದ ಕೆಳಗ ಬೀಳ್ತಾವೇನ?" ಅಂದ್ಲು.

ಮನಿಗೆ ಬಂದು ಅದೇ ಪಾಠ ಮತ್ತ ಓದಿದ್ಲು. ಈ ಸಲ ಸಾವಕಾಶ.