ಆಟದಂಗಳದ ಕಳ್ಳ ತೂಕ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ನಿರೂಪಿಸಿದ್ದಾರೆ. ಅನ್ಯರನ್ನು ಕಳವಿಗೆ ಪ್ರೇರೇಪಿಸುವ ಸ್ತೇನಪ್ರಯೋಗ ಅವುಗಳಲ್ಲೊಂದು; ತೂಕ-ಅಳತೆಗಳಲ್ಲಿ ಹೆಚ್ಚು-ಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ ಇನ್ನೊಂದು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿಗೆ 15 ಕಿಲೋ ಎಂಬುದು ಲೆಕ್ಕ. ಕೊಂಡವನಿಗೆ ಹಣ್ಣು ದೊರೆತರೂ ಅದು 14 ಕಿಲೋ ಮಾತ್ರವಿದ್ದರೆ ಮಾರಿದವನ ವ್ರತಕ್ಕೆ ಕಳಂಕ ತಗಲಿತು. ಈ ದೋಷ ಅಂಗಡಿಯ ತಕ್ಕಡಿಗಷ್ಟೇ ಸೀಮಿತವಲ್ಲವೆಂಬುದನ್ನು ಕ್ರೀಡೆಯ ಇತಿಹಾಸ ತೋರಿಸುತ್ತದೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದಲ್ಲಿ. ಚಳಿಗಾಲದಲ್ಲಿ ಯುವಕರಿಗೆ ವ್ಯಾಯಾಮವಾಗಲೆಂದು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಅದನ್ನು ರೂಪಿಸಿದರು. ಅರುವತ್ತು ವರ್ಷಗಳೊಳಗೆ ಪಣದ ಹಣ ಅದನ್ನು ಕೆಡಿಸಿತು. ನ್ಯೂಯಾರ್ಕಿನ ಸಿಟಿ ಕಾಲೇಜು 1950ರಲ್ಲಿ ಒಂದೇ ವರ್ಷ ಎರಡು ರಾಷ್ಟ್ರೀಯ ಪಂದ್ಯಾವಳಿಗಳನ್ನು ಗೆದ್ದಿತು. 1951ರಲ್ಲಿ ಅದೇ ತಂಡದ ಆಟಗಾರರು ಬಂಧಿತರಾದರು. ಬಾಜಿಯು ಗೆಲುವಿನ ಅಂತರದ ಮೇಲೆ ನಡೆಯುತ್ತಿತ್ತು. ಹತ್ತು ಅಂಕಗಳಿಂದ ಗೆಲ್ಲಬಲ್ಲ ತಂಡ ಬೇಕೆಂದೇ ಆರು ಅಂಕಗಳಿಂದ ಗೆದ್ದರೆ, ಜಯವೂ ಉಳಿಯಿತು, ಹಣವೂ ಬಂದಿತು. ಇದು 14 ಕಿಲೋ ಬಾಕ್ಸಿನದೇ ನ್ಯಾಯ.

ತೂಗುವವನೇ ಕೆಟ್ಟ ಪ್ರಸಂಗವೂ ಉಂಟು. ವೃತ್ತಿ ಬ್ಯಾಸ್ಕೆಟ್‌ಬಾಲಿನ ಎನ್‌ಬಿಎಯಲ್ಲಿ 13 ವರ್ಷ ತೀರ್ಪುಗಾರನಾಗಿದ್ದ ಟಿಮ್ ಡೊನಗಿ, ಪಂದ್ಯಗಳ ಒಳಸುದ್ದಿಯನ್ನು ಬಾಜಿಗಾರರಿಗೆ ಹಣಕ್ಕೆ ನೀಡಿದ್ದನ್ನು 2007ರಲ್ಲಿ ಒಪ್ಪಿಕೊಂಡನು. 2008ರಲ್ಲಿ 15 ತಿಂಗಳ ಸೆರೆವಾಸ ವಿಧಿಸಲಾಯಿತು. 2024ರಲ್ಲಿ ಟೊರಾಂಟೊ ತಂಡದ ಜಾಂಟೆ ಪೋರ್ಟರ್ ಅಸ್ವಸ್ಥತೆಯ ನೆಪದಿಂದ ಆಟವನ್ನು ಅರ್ಧಕ್ಕೇ ಬಿಟ್ಟು ಬಾಜಿಗಾರರಿಗೆ ನೆರವಾದನು. ಆಜೀವ ನಿಷೇಧಕ್ಕೆ ಗುರಿಯಾದನು. ಜೂಜಿನ ಸಾಲವೇ ಅವನನ್ನು ಆ ಹಾದಿಗೆ ತಳ್ಳಿತ್ತು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸಿದ ಪೂರ್ವಾಚಾರ್ಯರ ದೂರದೃಷ್ಟಿ ಇಲ್ಲಿ ಮನವರಿಕೆಯಾಗುತ್ತದೆ.

ನಮ್ಮ ನಾಡೂ ಇದಕ್ಕೆ ಹೊರತಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ಆಟಗಾರರು ಹಣ ಪಡೆದು ನಿಧಾನವಾಗಿ ಬ್ಯಾಟಿಂಗ್ ಮಾಡಿದರೆಂಬ ಆರೋಪದ ಮೇಲೆ 2019ರಲ್ಲಿ ಬೆಂಗಳೂರು ಪೊಲೀಸರು ಕೆಲವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಗೊಳಿಸಿತು. ಪ್ರೇಕ್ಷಕರು ಸ್ವಇಚ್ಛೆಯಿಂದ ಟಿಕೆಟ್ ಕೊಳ್ಳುವುದರಿಂದ, ಪಂದ್ಯದ ಮೋಸದಾಟ ಭಾರತೀಯ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗದು. ಅದು ಅಪ್ರಾಮಾಣಿಕತೆ, ಅಶಿಸ್ತುಗಳನ್ನು ತೋರಬಹುದು. ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ತೀರ್ಪಿನ ಸಾರ.

ಆರೋಪ ಸಾಬೀತಾಗದಿರುವಾಗ ಆ ವ್ಯಕ್ತಿಗಳನ್ನು ದೂಷಿಸುವುದು ಸತ್ಯಾಣುವ್ರತಕ್ಕೆ ಸಲ್ಲದು. ಶ್ರಾವಕರು ಆಲೋಚಿಸಬೇಕಾದುದು ಬೇರೆ. ಶಾಸನವು ತನ್ನ ಕಲಮುಗಳ ಮೇರೆಯಲ್ಲಿ ನಿಲ್ಲುತ್ತದೆ, ನಿಲ್ಲಬೇಕಾದುದೂ ಸರಿ. ವ್ರತಕ್ಕೆ ಆ ಮೇರೆಯಿಲ್ಲ. ಹಣ ಪಡೆದು ಕಡಿಮೆ ಆಡುವವನದು ಹೀನಮಾನ. ಹಣ ಕೊಟ್ಟು ಆಡಿಸುವವನದು ಸ್ತೇನಪ್ರಯೋಗ. ಬಾಜಿ ಕಟ್ಟುವವನೇ ಇಲ್ಲದಿದ್ದರೆ ಇವರಿಬ್ಬರಿಗೂ ವ್ಯಾಪಾರವಿಲ್ಲ.

ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಗೆಳೆಯರ ನಡುವೆ ಪಂದ್ಯದ ಮೇಲೆ ನೂರು ರೂಪಾಯಿ ಕಟ್ಟುವ ತರುಣನನ್ನು ತಡೆಯಬೇಕಾದವರು ಮನೆಯ ಹಿರಿಯರೇ. ಯುವಕರಿಗಾಗಿ ಪಂದ್ಯಾವಳಿ ನಡೆಸುವ ಬಸದಿ-ಮಂದಿರಗಳ ಟ್ರಸ್ಟುಗಳು ಬಹುಮಾನದ ಮೊತ್ತ ಹೆಚ್ಚಿಸುವುದಕ್ಕೆ ಮುನ್ನ, ಪಣವಿಲ್ಲದೆ ಆಡುವೆವೆಂಬ ನಿಯಮವನ್ನು ಆಟಗಾರರಿಂದಲೂ ನೋಡಲು ಬರುವವರಿಂದಲೂ ಮಾಡಿಸಿಕೊಳ್ಳುವುದು ಉಚಿತ.