ಎಂಟೂವರೆಗೆ ಯಾವ ಲಗ್ನ?

ಸಿರುಗುಪ್ಪದ ಒಂದು ಮನೆಯಲ್ಲಿ ಒಬ್ಬರದೇ ಎರಡು ಜಾತಕಗಳಿವೆ. ಒಂದು, ಮಗು ಹುಟ್ಟಿದಾಗ ಊರ ಪುರೋಹಿತರು ಬರೆದುಕೊಟ್ಟದ್ದು. ಇನ್ನೊಂದು, ಮದುವೆಯ ಮಾತು ಬಂದಾಗ ಬಳ್ಳಾರಿಯಲ್ಲಿ ಹೊಸದಾಗಿ ಹಾಕಿಸಿದ್ದು. ಎರಡರಲ್ಲೂ ಸ್ವಭಾನು ಸಂವತ್ಸರ, ಜ್ಯೇಷ್ಠ ಮಾಸ, ಮಿಥುನ ಸಂಕ್ರಮಣದ ಮರುದಿನ. ಅಂದರೆ 1943ರ ಜೂನ್ ನಡುಭಾಗ. ಚಂದ್ರ ಎರಡರಲ್ಲೂ ವೃಶ್ಚಿಕದಲ್ಲಿದ್ದಾನೆ, ಉಳಿದ ಗ್ರಹಗಳೂ ಅವವೇ ರಾಶಿಗಳಲ್ಲಿವೆ. ಲಗ್ನ ಮಾತ್ರ ಹಳೆಯದರಲ್ಲಿ ಮಿಥುನ, ಹೊಸದರಲ್ಲಿ ಕರ್ಕಾಟಕ.

ಮನೆಯವರು ಇದನ್ನು ಹಳೆಯ ಪುರೋಹಿತರ ಕೈತಪ್ಪು ಎಂದುಕೊಂಡು ಹೊಸ ಜಾತಕವನ್ನೇ ನೆಚ್ಚಿದ್ದರು. ಅಚ್ಚಾದ ಪಂಚಾಂಗ, ಗಡಿಯಾರದ ಹೊತ್ತು, ಊರಲ್ಲಿ ಹೆಸರಿದ್ದ ಜೋಯಿಸರು: ನೆಚ್ಚದಿರಲು ಕಾರಣವೂ ಇರಲಿಲ್ಲ. ನನಗೆ ಬೇಕಾದದ್ದು ಫಲವಲ್ಲ, ಈ ಒಂದು ಮನೆಯ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು.

ಲಗ್ನವೆಂದರೆ ಹುಟ್ಟಿದ ಗಳಿಗೆಯಲ್ಲಿ, ಹುಟ್ಟಿದ ಊರಿನಲ್ಲಿ, ಪೂರ್ವದ ದಿಗಂತದ ಮೇಲೆ ಏಳುತ್ತಿದ್ದ ರಾಶಿ. ಪತ್ರಿಕೆಯ ದಿನಭವಿಷ್ಯ ನೋಡುವವರು ಹೇಳುವ ‘ನಮ್ಮ ರಾಶಿ’ ಸಾಮಾನ್ಯವಾಗಿ ಚಂದ್ರನಿದ್ದ ರಾಶಿ. ಅದು ಎರಡೂಕಾಲು ದಿನ ಕದಲುವುದಿಲ್ಲ. ಲಗ್ನ ಹಾಗಲ್ಲ. ಹನ್ನೆರಡು ರಾಶಿಗಳೂ ಒಂದು ಹಗಲು ಒಂದು ರಾತ್ರಿಯಲ್ಲಿ ಎದ್ದು ಮುಗಿಯಬೇಕು, ಹೀಗಾಗಿ ಒಂದೊಂದಕ್ಕೆ ಸರಾಸರಿ ಎರಡು ಗಂಟೆ. ಅದೂ ಸಮನಾಗಿಲ್ಲ: ನಮ್ಮ ಅಕ್ಷಾಂಶದಲ್ಲಿ ಮೀನ ಒಂದೂಮುಕ್ಕಾಲು ಗಂಟೆಯೊಳಗೆ ಏಳುತ್ತದೆ, ಮಿಥುನಕ್ಕೆ ಎರಡೂಕಾಲು ಗಂಟೆಯ ಹತ್ತಿರ ಬೇಕು. ಜೋಯಿಸರಿಗೆ ಲಗ್ನವೇ ಮೊದಲ ಮನೆ, ತನುಸ್ಥಾನ: ದೇಹ, ಆರೋಗ್ಯ, ಸ್ವಭಾವ. ಧನ, ಸೋದರ, ಸುಖ, ಸಂತಾನ, ಶತ್ರು, ಕಳತ್ರ ಎಲ್ಲವನ್ನೂ ಅಲ್ಲಿಂದಲೇ ಎಣಿಸಬೇಕು. ಲಗ್ನ ಒಂದು ರಾಶಿ ಸರಿದರೆ ಹನ್ನೆರಡೂ ಮನೆಗಳು ಸರಿಯುತ್ತವೆ. ಮಿಥುನ ಲಗ್ನಕ್ಕೆ ಬುಧ ಅಧಿಪತಿ, ಕರ್ಕಾಟಕಕ್ಕೆ ಚಂದ್ರ. ಧನುಸ್ಸಿನಲ್ಲಿ ಕುಜನಿದ್ದಾನೆ ಎಂದುಕೊಳ್ಳಿ: ಮಿಥುನದಿಂದ ಎಣಿಸಿದರೆ ಏಳನೆಯ ಮನೆ, ಕುಜದೋಷ; ಕರ್ಕಾಟಕದಿಂದ ಆರನೆಯದು, ದೋಷವಿಲ್ಲ. ಎಷ್ಟು ಸಂಬಂಧಗಳು ಇಂಥ ಒಂದು ಮನೆಯ ಲೆಕ್ಕದಲ್ಲಿ ಮುರಿದಿವೆಯೋ!

ಮೊದಲು ಜನನ ನೋಂದಣಿಯ ಕಡೆ ಹೋದೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಇಲ್ಲಿನ ಜನನ ಮರಣಗಳನ್ನು ಬರೆದಿಡುತ್ತಿದ್ದದ್ದು 1899ರ ಮದರಾಸು ಕಾಯ್ದೆಯ ಪ್ರಕಾರ. ಅಂಥ ಪುಸ್ತಕದಿಂದ ತಾರೀಖು ಸಿಗುತ್ತದೆ, ತಂದೆಯ ಹೆಸರು ಸಿಗುತ್ತದೆ, ಹೊತ್ತು ಸಿಗುವುದಿಲ್ಲ. ಸರ್ಕಾರಕ್ಕೆ ಅದು ಬೇಕಾಗಿರಲಿಲ್ಲ. ಇವತ್ತಿನ ಜನನ ಪ್ರಮಾಣಪತ್ರದಲ್ಲೂ ತಾರೀಖಷ್ಟೇ ಇದೆ. ಹೊತ್ತು ಬೇಕಾದವರು ಆಸ್ಪತ್ರೆಯ ಚೀಟಿಯನ್ನೇ ಹುಡುಕಬೇಕು.

ಇನ್ನೂ ಹಿಂದೆ ಹೋದರೆ ಕಲ್ಲಿನ ಬರಹ. ಕುರುಗೋಡು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರ ರಾಜಧಾನಿ, ಬಲ್ಲಕುಂದೆ ಮುನ್ನೂರರ ಕೇಂದ್ರ. ಈ ಸೀಮೆಯ ಶಾಸನಗಳು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿವೆ. ಅದರ ಮೊದಲ ಭಾಗ ಅಚ್ಚಾದದ್ದು 1939ರಲ್ಲಿ. ಆ ಕಾಲದ ದಾನಶಾಸನಗಳ ಕಾಲನಿರ್ದೇಶ ಬಹುಪಾಲು ಒಂದೇ ಜಾಡಿನದು: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಜೊತೆಗೆ ಸಂಕ್ರಾಂತಿ, ಗ್ರಹಣ ಅಥವಾ ವ್ಯತೀಪಾತ. ಲಗ್ನ ಅಪರೂಪ. ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ. ದಾನದ ಪುಣ್ಯ ಹೆಚ್ಚಿಸುವುದು ಗ್ರಹಣ, ಸಂಕ್ರಮಣಗಳು. ದಿನದ ಯಾವ ಎರಡು ಗಂಟೆಯಲ್ಲಿ ಕೈಗೆ ನೀರು ಬಿಟ್ಟರು ಎಂಬುದು ಭೂಮಿಯ ಹಕ್ಕಿಗೆ ಬೇಡ. ಶಾಸ್ತ್ರ ತಿಳಿದವರಿರಲಿಲ್ಲ ಎಂದೂ ಅಲ್ಲ. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆನಿಸಿದ ಶ್ರೀಧರಾಚಾರ್ಯನ ‘ಜಾತಕತಿಲಕ’ 1049ರದು, ಅದೇ ಚಾಲುಕ್ಯರ ಕಾಲದ್ದು.

ಲಗ್ನ ಬೇಕಾಗುವುದು ಪ್ರತಿಷ್ಠೆಗೆ, ಪಟ್ಟಕ್ಕೆ, ಮದುವೆಗೆ, ಜನನಕ್ಕೆ. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಗೆ ‘ಬಾಹುಬಲಿಚರಿತ’ ಕೊಡುವ ವಿವರದಲ್ಲಿ ಕಲ್ಕಿವರ್ಷ 600, ವಿಭವ ಸಂವತ್ಸರ, ಚೈತ್ರ ಶುಕ್ಲ ಪಂಚಮಿ, ಭಾನುವಾರ, ಇವುಗಳೊಂದಿಗೆ ಕುಂಭಲಗ್ನವೂ ಇದೆ. ಇಷ್ಟೆಲ್ಲ ಇದ್ದೂ ವಿದ್ವಾಂಸರು ಒಮ್ಮತಕ್ಕೆ ಬರಲಿಲ್ಲ. ಬಳ್ಳಾರಿಯ ಶಾಸನಗಳನ್ನು ಸಂಪಾದಿಸಿದ ಅದೇ ಶಾಮಶಾಸ್ತ್ರಿಗಳು 1028 ಎಂದರು. ಮಂಜೇಶ್ವರದ ಗೋವಿಂದ ಪೈಗಳು 981ರ ಮಾರ್ಚ್ 13 ಎಂದರು. ಸಹಸ್ರಮಾನದ ಮಹಾಮಸ್ತಕಾಭಿಷೇಕ 1981ರಲ್ಲಿ ನಡೆಯಿತು. ಈ ಚರ್ಚೆಯಲ್ಲಿ ಲಗ್ನ ಯಾರ ನೆರವಿಗೂ ಬರುವಂತಿಲ್ಲ, ಏಕೆಂದರೆ ಕುಂಭ ದಿನವೂ ಒಮ್ಮೆ ಏಳುತ್ತದೆ. ಅದು ವರ್ಷ ಹೇಳದು, ಹೊತ್ತು ಹೇಳುತ್ತದೆ. ಆ ಮಾರ್ಚ್‌ನಲ್ಲಿ ಸೂರ್ಯ ಮೀನದಲ್ಲಿದ್ದ; ಸೂರ್ಯನಿರುವ ರಾಶಿಯೇ ಸೂರ್ಯೋದಯದ ಲಗ್ನ; ಕುಂಭ ಅದಕ್ಕೂ ಮುಂಚಿನದು. ಅಂದಮೇಲೆ ಪ್ರತಿಷ್ಠೆ ನಡೆದದ್ದು ಬೆಳಗಿನ ಜಾವದ ಕತ್ತಲೆಯಲ್ಲಿ. ವಾರವನ್ನು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುವುದಾದರೆ, ಆ ಭಾನುವಾರದ ಕುಂಭಲಗ್ನ ಇಂದಿನ ಲೆಕ್ಕದಲ್ಲಿ ಸೋಮವಾರದ ನಸುಕಿಗೆ ಬೀಳುತ್ತದೆ!

ಲಗ್ನವನ್ನು ಹೀಗೆ ಗಡಿಯಾರದಂತೆ ಓದಬಹುದು ಎಂದಾದ ಮೇಲೆ ಸಿರುಗುಪ್ಪದ ಕಾಗದಗಳನ್ನು ಮತ್ತೆ ಬಿಚ್ಚಿದೆ. ಹಳೆಯದರಲ್ಲಿ ಗಂಟೆಯ ಮಾತೇ ಇಲ್ಲ. ಸೂರ್ಯೋದಯದಿಂದ ನಾಲ್ಕು ಗಳಿಗೆ ಎಂದಿದೆ. ಹೊಸದರಲ್ಲಿ ‘ಬೆಳಿಗ್ಗೆ 8-30’; ಅದು ತಂದೆ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದ ಹೊತ್ತು. ಗಳಿಗೆಗೆ 24 ನಿಮಿಷ, ನಾಲ್ಕಕ್ಕೆ 96. ಜೂನ್ ನಡುವೆ ಸಿರುಗುಪ್ಪದಲ್ಲಿ ಸೂರ್ಯ ಹುಟ್ಟುವುದು ಸುಮಾರು 5-50ಕ್ಕೆ. ಕೂಡಿದರೆ ಏಳೂವರೆಗೆ ನಾಲ್ಕೈದು ನಿಮಿಷ ಕಡಿಮೆ. ಡೈರಿಗೂ ಇದಕ್ಕೂ ಒಂದು ಗಂಟೆಯ ಅಂತರ.

ಊರಿನ ಹೊತ್ತಿಗೂ ಗಡಿಯಾರದ ಹೊತ್ತಿಗೂ ಇರುವ ಭೇದವೇ ಕಾರಣವೇ ಎಂದು ನೋಡಿದೆ. ಭಾರತದ ಪ್ರಮಾಣವೇಳೆ 82½ ಡಿಗ್ರಿ ರೇಖಾಂಶದ್ದು, 1906ರಿಂದ ಚಾಲ್ತಿಗೆ ಬಂದದ್ದು. ಅದಕ್ಕೂ ಮುಂಚೆ ರೈಲುಗಳು ಮದರಾಸು ವೇಳೆಯಲ್ಲಿ ಓಡುತ್ತಿದ್ದವು. ಬಳ್ಳಾರಿ ಇರುವುದು 77 ಡಿಗ್ರಿಗಿಂತ ತುಸು ಪಶ್ಚಿಮಕ್ಕೆ. ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ ಸರಾಸರಿ 12 ದಾಟಿ 22 ನಿಮಿಷ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುವುದರಿಂದ ಮೂರರ ನಡುವೆ ಅರ್ಧ ನಿಮಿಷದ ವ್ಯತ್ಯಾಸವೂ ಇಲ್ಲ. ಈ 22 ನಿಮಿಷ ಬಿಟ್ಟರೆ ಲಗ್ನ ಐದಾರು ಡಿಗ್ರಿ ತಪ್ಪುತ್ತದೆ, ರಾಶಿಯ ಅಂಚಿನಲ್ಲಿ ಹುಟ್ಟಿದವರಿಗೆ ಲಗ್ನವೇ ಬದಲಾಗುತ್ತದೆ. ಆದರೆ ನನಗೆ ಬೇಕಾದದ್ದು ಇಡೀ ಗಂಟೆ.

ಗಂಟು ಬಿಚ್ಚಿದ್ದು ಆ ಮನೆಯ ಹಿರಿಯರ ಮಾತು. “ನೋಡ್ರಿ ಸರ, ಯುದ್ಧದಾಗ ಟೈಮ್ ಎರಡು ಇದ್ವು. ಸರ್ಕಾರದ್ದು ಬ್ಯಾರೆ, ನಮ್ದು ಬ್ಯಾರೆ.” ಅವರು ಹೇಳಿದ್ದು ಎರಡನೆಯ ಮಹಾಯುದ್ಧದ ಕಾಲದ ಮಾತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರಗಳು ಒಂದು ಗಂಟೆ ಮುಂದಿದ್ದವು. ಡೈರಿಯ ಎಂಟೂವರೆ ಸರ್ಕಾರದ ಎಂಟೂವರೆ, ನಿಜಕ್ಕೂ ಏಳೂವರೆ. ಪುರೋಹಿತರು ಎಣಿಸಿದ್ದು ಸೂರ್ಯನಿಂದ, ಸೂರ್ಯನಿಗೆ ಆ ಆದೇಶ ಮುಟ್ಟಿರಲಿಲ್ಲ. ಏಳೂವರೆಗೆ ಲಗ್ನ ಮಿಥುನದ 22ನೇ ಡಿಗ್ರಿಯ ಆಸುಪಾಸು. ಎಂಟೂವರೆಯಾದರೆ ಕರ್ಕಾಟಕದ ಆರು. ತಂದೆ ಬರೆದದ್ದೂ ಸರಿ, ಪುರೋಹಿತರು ಬರೆದದ್ದೂ ಸರಿ. ತಪ್ಪಿದ್ದು ವರ್ಷಗಳ ಮೇಲೆ ಬಳ್ಳಾರಿಯಲ್ಲಿ ಕೂತು ಒಂದು ಗಂಟೆ ಕಳೆಯದೆ ಹೋದ ಲೆಕ್ಕ.

ಲಗ್ನದಿಂದ ಸ್ವಭಾವ ತಿಳಿಯುತ್ತದೆಯೇ? ಆ ವ್ಯಕ್ತಿ ಕರ್ಕಾಟಕ ಲಗ್ನದ ಫಲ ಓದಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದರು, ಅದೆಲ್ಲ ತಮಗೆ ಹೊಂದುತ್ತದೆ ಎಂದೂ ನಂಬಿದ್ದರು. ನನ್ನ ಮಟ್ಟಿಗೆ ಉತ್ತರ ಅಷ್ಟರಲ್ಲೇ ಇದೆ. ಆದರೆ ಹೊತ್ತಿನ ದಾಖಲೆಯಾಗಿ ಜಾತಕಕ್ಕಿರುವ ಬೆಲೆ ಬೇರೆ: ಸರ್ಕಾರದ ಯಾವ ಪುಸ್ತಕವೂ ಬರೆದಿಡದ್ದನ್ನು ಅದು ಬರೆದಿಟ್ಟಿದೆ.

ಹಾಗಾಗಿ ಒಂದು ಕೋರಿಕೆ. ಹಿರಿಯರು ಹೋದ ಮೇಲೆ ಅವರ ಜಾತಕಗಳನ್ನು ತುಂಗಭದ್ರೆಗೆ ಬಿಡುವ ಮುಂಚೆ ಒಂದು ಫೋಟೊ ತೆಗೆದಿಡಿ. ಮನೆಯಲ್ಲಿ 1942ರಿಂದ 1945ರ ನಡುವೆ ಹುಟ್ಟಿದವರಿದ್ದರೆ ಬರೆದಿರುವುದು ಗಳಿಗೆಯೋ ಗಂಟೆಯೋ ನೋಡಿ. ಗಂಟೆಯಾಗಿದ್ದರೆ, ಯುದ್ಧಕಾಲದ ಒಂದು ಗಂಟೆಯನ್ನು ಕಳೆದಿದ್ದಾರೋ ಇಲ್ಲವೋ ಎಂದು ಜಾತಕ ಹಾಕಿದವರನ್ನು ಕೇಳಿ.