ಖಿನ್ನತೆಯ ಮಾತ್ರೆ: ಎದೆಹಾಲಿಗೆ ಅಡ್ಡಿಯೇ?

ಹೆರಿಗೆಯ ನಂತರ ಖಿನ್ನತೆಗೆ ಒಳಗಾದ ತಾಯಿಗೆ ವೈದ್ಯರು ಮಾತ್ರೆ ಬರೆದುಕೊಟ್ಟೊಡನೆ ಮನೆಯವರನ್ನು ಎರಡು ಆತಂಕಗಳು ಕಾಡುತ್ತವೆ: ಹಾಲು ಬತ್ತುವುದೇ? ಮಗುವಿಗೆ ವಿಷವಾಗುವುದೇ? ಬೀಳಗಿ ತಾಲ್ಲೂಕಿನ ಬಾಡಗಂಡಿಯೂ ಸೇರಿದಂತೆ, ಬಾಣಂತಿಗೆ ಹಾಲು ಹೆಚ್ಚಲೆಂದು ಅಳವಿ ಪಾಯಸ, ಅಂಟಿನುಂಡೆ ಉಣಿಸುವ ಉತ್ತರ ಕರ್ನಾಟಕದ ಸೀಮೆಯಲ್ಲಿ ಈ ಆತಂಕ ಸಹಜವೇ. ಆದರೆ ಅದರಿಂದಾಗಿ ಮಾತ್ರೆಯನ್ನೋ ಹಾಲನ್ನೋ ತಟ್ಟನೆ ನಿಲ್ಲಿಸುವುದು ಸರಿಯಲ್ಲ.

ಮೂರು ಉಂಗುರಗಳ ರಾಸಾಯನಿಕ ರಚನೆಯುಳ್ಳ ಔಷಧಗಳಿಗೆ ‘ಟ್ರೈಸೈಕ್ಲಿಕ್’ ಎಂದು ಹೆಸರು. ಈ ವರ್ಗದ ಮೊದಲ ಔಷಧ ಇಮಿಪ್ರಮಿನ್ ಖಿನ್ನತೆಯನ್ನು ಶಮನಗೊಳಿಸುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕುನ್ 1957ರಲ್ಲಿ ಪ್ರಕಟಿಸಿದರು. ಇದೇ ವರ್ಗದ ಅಮಿಟ್ರಿಪ್ಟಿಲಿನ್ ಅನ್ನು ಮೈಗ್ರೇನ್ ಹಾಗೂ ನರನೋವಿಗೂ 10 ಅಥವಾ 25 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದಲ್ಲಿ ನೀಡಲಾಗುತ್ತದೆ.

ಹಾಲು ಉತ್ಪತ್ತಿಗೆ ಮುಖ್ಯ ಕಾರಣ ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಹಾರ್ಮೋನು. ಮೆದುಳಿನ ಡೋಪಮಿನ್ ಅದಕ್ಕೆ ಕಡಿವಾಣ ಹಾಕಿದರೆ, ಸೆರೊಟೊನಿನ್ ಉತ್ತೇಜನ ನೀಡುತ್ತದೆ. ಟ್ರೈಸೈಕ್ಲಿಕ್‌ಗಳ ಪೈಕಿ ಸೆರೊಟೊನಿನ್ ಮೇಲೆ ಹೆಚ್ಚು ಪ್ರಭಾವ ಬೀರುವ ಕ್ಲೋಮಿಪ್ರಮಿನ್‌ನಿಂದ ಪ್ರೊಲ್ಯಾಕ್ಟಿನ್ ಏರಬಹುದು. ಉಳಿದವುಗಳಲ್ಲಿ ಈ ಪರಿಣಾಮ ಸಾಮಾನ್ಯವಾಗಿ ಅಲ್ಪ. ಅಂದರೆ ಬದಲಾವಣೆ ಕಂಡರೂ ಅದು ಜನ ಅಂಜುವ ದಿಕ್ಕಿಗೆ ವಿರುದ್ಧವಾದದ್ದು! ಹಾಲೂಡಿಕೆ ನೆಲೆಗೊಂಡ ಮೇಲೆ ಈ ಏರಿಕೆ ಹೆಚ್ಚು ವ್ಯತ್ಯಾಸ ಮಾಡಲಾರದು. ಮಗುವಿಗೆ ಹಾಲೂಡಿಸದ ಮಹಿಳೆಯರಲ್ಲೂ ಅಪರೂಪಕ್ಕೆ ಹಾಲು ಒಸರಿದ್ದುಂಟು. ಹಾಗಾದಲ್ಲಿ ಸೇವಿಸುತ್ತಿರುವ ಮಾತ್ರೆಗಳ ವಿವರವನ್ನು ವೈದ್ಯರಿಗೆ ತಿಳಿಸಬೇಕು.

ಇನ್ನು ಮಗುವಿನ ವಿಚಾರ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್‌ಗಳು ಹಾಲಿನ ಮೂಲಕ ತಲುಪುವ ಪ್ರಮಾಣ, ತೂಕಕ್ಕೆ ಅನುಗುಣವಾಗಿ ಲೆಕ್ಕ ಹಾಕಿದರೆ, ತಾಯಿಯ ಡೋಸಿನ ಕೆಲವೇ ಶೇಕಡಾ. ಶೇ 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಒಪ್ಪಿತ ಎಂಬುದು ವೈದ್ಯರ ಅಳತೆಗೋಲು. ಡಾಕ್ಸೆಪಿನ್ ಮಾತ್ರ ಇದಕ್ಕೆ ಅಪವಾದ. ತಾಯಿ ಅದನ್ನು ಸೇವಿಸುತ್ತಿದ್ದಾಗ ಹಸುಗೂಸಿನಲ್ಲಿ ಅತಿಯಾದ ಮಂಪರು ಹಾಗೂ ಉಸಿರಾಟದ ತೊಂದರೆ ವರದಿಯಾಗಿದ್ದು, ಹಾಲೂಡಿಸುವವರಿಗೆ ಅದು ಸಲ್ಲದು. ಯಾವ ಮಾತ್ರೆಯೇ ಆಗಲಿ, ಮಗು ಅತಿಯಾಗಿ ನಿದ್ರಿಸಿದರೆ, ಹಾಲು ಚೀಪದಿದ್ದರೆ ಅಥವಾ ತೂಕ ಏರದಿದ್ದರೆ ತಡಮಾಡದೆ ತೋರಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಬಗ್ಗೆ ಇನ್ನಷ್ಟು ಎಚ್ಚರ ಅಗತ್ಯ.

ಹೊಸದಾಗಿ ಚಿಕಿತ್ಸೆ ಆರಂಭಿಸುವಾಗ ಇಂದು ಹೆಚ್ಚಾಗಿ ಸರ್ಟ್ರಾಲಿನ್‌ಗೆ ಆದ್ಯತೆ. ಆದರೆ ಹಳೆಯ ಮಾತ್ರೆಯಿಂದಲೇ ಗುಣ ಕಂಡ ತಾಯಿಗೆ ಅದನ್ನು ಬದಲಿಸಲೇಬೇಕೆಂದಿಲ್ಲ. ಹಠಾತ್ತನೆ ಬಿಟ್ಟರೆ ಖಿನ್ನತೆ ಮರುಕಳಿಸುವ ಅಪಾಯವಿದೆ. ತೀವ್ರ ಖಿನ್ನತೆಯಲ್ಲಿ ತಾಯಿಯ ಪ್ರಾಣಕ್ಕೇ ಕುತ್ತು ಬರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗ 2009ರಲ್ಲಿ ಆರಂಭವಾಯಿತು. ಬಾಗಲಕೋಟೆ ಜಿಲ್ಲೆಯವರಿಗೆ ಅದಕ್ಕಿಂತ ಸಮೀಪದ್ದು ಧಾರವಾಡದ ಡಿಮ್ಹಾನ್ಸ್. ಫೋನಿನಲ್ಲಿ ಉಚಿತ ಸಲಹೆ ನೀಡುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416.